ಬಿಪಿ, ಶುಗರ್ ಇದ್ದವರಿಗೆ ಹಲ್ಲಿನ ಸೂಜಿ: ಹೆದರಬೇಕಾದ್ದು ಯಾವುದಕ್ಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಬನಹಟ್ಟಿ. ಅಪ್ಪನಿಗೆ 58 ವರ್ಷ, ಮಗ್ಗದ ಕೆಲಸ. ಬಿಪಿ, ಶುಗರ್ ಎರಡಕ್ಕೂ ಗುಳಿಗೆ ತಗೊಳ್ತಾರೆ. ಹೋದ ವರ್ಷ ಕೆಳಗಿನ ದವಡೆ ಹಲ್ಲು ತೆಗೆಸಲು ಒಂದು ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಬೆಳಗ್ಗೆ ಏನೂ ತಿಂದಿರಲಿಲ್ಲ, ಗುಳಿಗೆ ಮಾತ್ರ ನುಂಗಿದ್ದರು. ಸೂಜಿ ಮಾಡಿ ಒಂದು ನಿಮಿಷ ಆಗಿತ್ತೋ ಇಲ್ಲವೋ, ಎದೆ ಡವಡವ ಹೊಡೆದುಕೊಂಡಿತು. ಕೈ ನಡುಗಿ ಮೈಯೆಲ್ಲ ಬೆವರಿತು. ಸಕ್ಕರೆ ನೀರು ಕುಡಿಸಿ ಮಲಗಿಸಿದ ಮೇಲೆ ಹತ್ತು ನಿಮಿಷಕ್ಕೆ ಸರಿಹೋದರು. ತುರಿಕೆ, ಬಾವು ಏನೂ ಬರಲಿಲ್ಲ. ಆದರೂ 'ಇವರಿಗೆ ಈ ಸೂಜಿ ಅಲರ್ಜಿ' ಎಂದು ಚೀಟಿಯಲ್ಲಿ ಬರೆದು ವಾಪಸ್ ಕಳಿಸಿದರು. ಈಗ ಅದೇ ಹಲ್ಲು ಮತ್ತೆ ನೋಯುತ್ತಿದೆ. ಶುಗರ್ ಇದ್ದವರು ಹಲ್ಲಿಗೆ ಸೂಜಿ ಮಾಡಿಸಿದರೆ ಹಾರ್ಟ್ ನಿಲ್ಲುತ್ತದೆ ಎಂದು ಓಣಿಯವರು ಹೇಳುತ್ತಾರೆ. ಅಪ್ಪ ಅಂತೂ 'ಸೂಜಿ ಮಾಡದ ಕೀಳೋರಿದ್ರ ನೋಡು' ಅಂತಾರೆ. ಏನು ಮಾಡಲಿ?

ಉತ್ತರ: ತಂಗೀ, ಸೂಜಿ ಇಲ್ಲದೆ ಹಲ್ಲು ಕೀಳುವವರನ್ನು ಮಾತ್ರ ಹುಡುಕಬೇಡಿ. ಬಿಪಿ ಇರುವ ಮನುಷ್ಯನಿಗೆ ಅದರಷ್ಟು ಅಪಾಯದ ದಾರಿ ಇನ್ನೊಂದಿಲ್ಲ. ಜೋಮು ಹಿಡಿಯದ ದವಡೆಯಿಂದ ಹಲ್ಲು ಎಳೆದರೆ ಆ ನೋವಿಗೆ, ಆ ಭಯಕ್ಕೆ ದೇಹ ತಾನೇ ಅಡ್ರಿನಲಿನ್ ಎಂಬ, ಎದೆಬಡಿತ ಏರಿಸುವ ರಸವನ್ನು ಸುರಿಸುತ್ತದೆ. ಸೂಜಿಯ ಔಷಧದಲ್ಲೂ ಅದನ್ನು ಸ್ವಲ್ಪ ಸೇರಿಸಿರುತ್ತಾರೆ, ಆದರೆ ದೇಹ ಸುರಿಸುವುದು ನಮ್ಮ ಸಿರಿಂಜಿನಲ್ಲಿ ಇರುವುದಕ್ಕಿಂತ ಎಷ್ಟೋ ಜಾಸ್ತಿ. ಬಿಪಿ ಏರುವುದು ಆಗ. ಚೆನ್ನಾಗಿ ಜೋಮು ಹಿಡಿಸಿ, ನೋವಾಗದಂತೆ ತೆಗೆದರೆ ಹೃದಯಕ್ಕೆ ಆಯಾಸವೇ ಕಡಿಮೆ.

ಇನ್ನು ಆ 'ಅಲರ್ಜಿ' ಎಂಬ ಪದ. ರೋಗಿಯನ್ನು ಕಣ್ಣಾರೆ ನೋಡದೆ ಕೊನೆಯ ಮಾತು ಹೇಳಬಾರದು, ನಿಜ. ಆದರೆ ನೀವು ಬರೆದದ್ದರಲ್ಲಿ ಅಲರ್ಜಿಯ ಒಂದು ಗುರುತೂ ಇಲ್ಲ. ಅಲರ್ಜಿ ಅಂದರೆ ಮೈ ಮೇಲೆ ಗಂದೆ ಏಳಬೇಕು, ತುರಿಕೆ ಬರಬೇಕು, ತುಟಿಯೋ ಕಣ್ಣಿನ ರೆಪ್ಪೆಯೋ ಊದಬೇಕು. ಜೋರಾದರೆ ಗಂಟಲು ಕಟ್ಟಿ ಉಸಿರು ಸಿಳ್ಳೆ ಹೊಡೆಯುತ್ತದೆ, ಬಿಪಿ ಕುಸಿಯುತ್ತದೆ. ಅದು ಸಕ್ಕರೆ ನೀರಿಗೆ ಹತ್ತು ನಿಮಿಷದಲ್ಲಿ ಇಳಿಯುವ ಕಾಯಿಲೆ ಅಲ್ಲ.

ಹಲ್ಲಿನ ಸೂಜಿಗೆ ಅಲರ್ಜಿಯ ಹೆಸರು ಅಂಟಿದ್ದಕ್ಕೆ ಹಳೆಯ ಕಾರಣ ಒಂದಿದೆ. 1905ರ ಹೊತ್ತಿಗೆ ಬಂದ ನೊವೊಕೇನ್ ಎಂಬ ಜೋಮು ಹಿಡಿಸುವ ಔಷಧ ಬಹಳ ವರ್ಷ ಹಲ್ಲಿನ ವೈದ್ಯರ ಕೈಯಲ್ಲಿತ್ತು. ಅದರಿಂದ ಅಲರ್ಜಿ ಆಗುವುದಿತ್ತು. ಈಗ ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಲಿಗ್ನೊಕೇನ್. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದ್ದು. ಅದರ ಜಾತಿಯೇ ಬೇರೆ. ಲಿಗ್ನೊಕೇನಿಗೆ ನಿಜವಾದ ಅಲರ್ಜಿ ತೀರಾ ಅಪರೂಪ. ಆಗುವುದಿದ್ದರೂ ಜಾಸ್ತಿ ಸಲ ಔಷಧಕ್ಕಲ್ಲ, ಅದು ಕೆಡದಿರಲಿ ಎಂದು ಸೇರಿಸಿದ ಪ್ಯಾರಾಬೆನ್, ಸಲ್ಫೈಟ್‌ನಂಥ ವಸ್ತುಗಳಿಗೆ ಇಲ್ಲವೇ ನಮ್ಮ ರಬ್ಬರ್ ಕೈಗವಸಿಗೆ.

ಹಾಗಾದರೆ ಅವತ್ತು ಆಗಿದ್ದೇನು? ನನಗೆ ಮೂರು ಅನುಮಾನ ಇವೆ.

ಮೊದಲನೆಯದು ಖಾಲಿ ಹೊಟ್ಟೆ. ಶುಗರ್ ಗುಳಿಗೆ ನುಂಗಿ ಏನೂ ತಿನ್ನದೆ ಬಂದು, ಪಾಳಿಗೆ ಅಂತ ತಾಸುಗಟ್ಟಲೆ ಕುಳಿತರೆ ರಕ್ತದಲ್ಲಿ ಸಕ್ಕರೆ ಇಳಿದುಬಿಡುತ್ತದೆ. ಕೈ ನಡುಕ, ಬೆವರು, ಎದೆಬಡಿತ ಮೂರೂ ಅದರ ಲಕ್ಷಣಗಳೇ. ಸಕ್ಕರೆ ನೀರು ಕುಡಿದ ಮೇಲೆ ಸುಧಾರಿಸಿದರು ಅನ್ನುವುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಎರಡನೆಯದು ಭಯ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಹಲ್ಲಿನ ದವಾಖಾನೆಯಲ್ಲಿ ನಾವು ಎಲ್ಲಕ್ಕಿಂತ ಹೆಚ್ಚು ಸಲ ಕಾಣುವ ತೊಂದರೆ ಅಂದರೆ ಸೂಜಿ ನೋಡಿ ತಲೆ ತಿರುಗಿ ಬೀಳುವುದು. ಅದಕ್ಕೇ ಸೂಜಿ ಮಾಡುವಾಗ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ ಮಲಗಿಸುತ್ತೇವೆ. ನೆಟ್ಟಗೆ ಕೂರಿಸಿ ಸೂಜಿ ಮಾಡಿದರೆ ಬೀಳುವುದು ಜಾಸ್ತಿ.

ಮೂರನೆಯದು ಔಷಧ, ಅದರಲ್ಲಿರುವ ಅಡ್ರಿನಲಿನ್ ಸಮೇತ, ನೇರ ರಕ್ತನಾಳಕ್ಕೆ ಹೋಗಿರುವುದು. ಸೂಜಿ ಮಾಡಿದ ತಕ್ಷಣ ಎದೆ ಹೊಡೆದುಕೊಂಡಿತು ಅಂದಿರಲ್ಲ, ಹಾಗಾಗಿ ಈ ಅನುಮಾನವೇ ನನಗೆ ಬಲವಾಗಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೂಜಿಯ ಸುರಕ್ಷತೆ ಅರ್ಧಕ್ಕರ್ಧ ಇಲ್ಲೇ ಇದೆ.

ಕೆಳಗಿನ ದವಡೆ ಹಲ್ಲಿಗೆ ಸೂಜಿ ಮಾಡುವುದು ಹಲ್ಲಿನ ಬುಡಕ್ಕಲ್ಲ. ಅಲ್ಲಿನ ಎಲುಬು ಗಟ್ಟಿ, ಔಷಧ ಒಳಗೆ ಇಳಿಯುವುದಿಲ್ಲ. ಕೊನೆಯ ಹಲ್ಲಿನ ಹಿಂದೆ, ದವಡೆಯ ಒಳಮೈಯಲ್ಲಿ ನರ ಎಲುಬಿನೊಳಗೆ ಹೊಕ್ಕುವ ಒಂದು ಸಣ್ಣ ಕಿಂಡಿ ಇದೆ. ಆ ಕಿಂಡಿಯ ಹತ್ತಿರ ಔಷಧ ಬಿಡಬೇಕು. ತೊಂದರೆ ಏನೆಂದರೆ ನರದ ಮಗ್ಗುಲಲ್ಲೇ ರಕ್ತನಾಳಗಳೂ ಹೋಗುತ್ತವೆ. ಒಳಗೆ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಎಷ್ಟೇ ನುರಿತ ಕೈ ಆದರೂ ಈ ಜಾಗದಲ್ಲಿ 100ರಲ್ಲಿ 10ರಿಂದ 15 ಸಲ ಸೂಜಿಯ ತುದಿ ರಕ್ತನಾಳಕ್ಕೆ ತಾಕುತ್ತದೆ. ಅದು ತಪ್ಪಲ್ಲ. ತಾಕಿದ್ದನ್ನು ನೋಡದೆ ಔಷಧ ಒತ್ತಿಬಿಡುವುದು ತಪ್ಪು.

ನೋಡುವುದು ಹೇಗೆ? ಸೂಜಿ ಜಾಗಕ್ಕೆ ಮುಟ್ಟಿದ ಮೇಲೆ ಒತ್ತುವ ಮೊದಲು ಸಿರಿಂಜಿನ ಹಿಡಿಯನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯಬೇಕು. ಏನೂ ಬರದಿದ್ದರೆ ಸರಿ. ರಕ್ತನಾಳದೊಳಗೆ ಇದ್ದರೆ ನೀರಿನಂತೆ ತಿಳಿಯಾದ ಔಷಧದಲ್ಲಿ ಕೆಂಪು ದಾರದ ಎಳೆಯೊಂದು ಸುರುಳಿ ಸುತ್ತಿ ಬರುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಆಗ ಸೂಜಿಯನ್ನು ಸ್ವಲ್ಪ ಹಿಂದೆ ತೆಗೆದು, ಜಾಗ ಬದಲಿಸಿ, ಮತ್ತೆ ಎಳೆದು ನೋಡಬೇಕು. ಇಷ್ಟಕ್ಕೆ ಬೇಕಾಗುವ ಹೊತ್ತು ಎರಡು ಮೂರು ಸೆಕೆಂಡು.

ಆಮೇಲೆ ಒತ್ತುವ ವೇಗ. 1 ಮಿಲಿ ಔಷಧಕ್ಕೆ ಸುಮಾರು 1 ನಿಮಿಷ ಹಿಡಿಯಬೇಕು. ನಾನು ಬಾಗಲಕೋಟೆಯಲ್ಲಿ ದವಾಖಾನೆ ಶುರು ಮಾಡಿದ ಹೊಸತರಲ್ಲಿ 2 ಮಿಲಿಯನ್ನು ಹತ್ತೇ ಸೆಕೆಂಡಿನಲ್ಲಿ ಒತ್ತಿಬಿಡುತ್ತಿದ್ದೆ. ಬೇಗ ಮುಗಿಸಿದರೆ ರೋಗಿಗೆ ನೋವು ಕಡಿಮೆ ಅಂದುಕೊಂಡಿದ್ದೆ. ಒಂದು ದಿನ ಜೋಳದ ರಾಶಿ ಮುಗಿಸಿ ಬಂದ ಗಟ್ಟಿಮುಟ್ಟಾದ ಹುಡುಗನೊಬ್ಬ ನನ್ನ ಕುರ್ಚಿಯಲ್ಲಿ ನಿಮ್ಮ ಅಪ್ಪನ ಹಾಗೆಯೇ ನಡುಗಿದ. ಅವನ ನಾಡಿ ಹಿಡಿದು ನಿಂತ ಆ ಐದು ನಿಮಿಷ ನನಗೆ ಕಲಿಸಿದ್ದನ್ನು ಕಾಲೇಜು ಕಲಿಸಿರಲಿಲ್ಲ. ಅವತ್ತು ಸಂಜೆಯೇ ಕುರ್ಚಿಯ ಎದುರಿನ ಗೋಡೆಗೆ ಸೆಕೆಂಡಿನ ಮುಳ್ಳಿರುವ ಗಡಿಯಾರ ಹಾಕಿಸಿದೆ. ಇವತ್ತಿಗೂ ಅದನ್ನು ನೋಡುತ್ತಲೇ ಸೂಜಿ ಮಾಡುತ್ತೇನೆ. ಆ ಹೊತ್ತಿನಲ್ಲಿ ರೋಗಿಯ ಮುಖ, ಕಣ್ಣು, ಕೈಬೆರಳು ನೋಡಲು ಅವಕಾಶ ಸಿಗುತ್ತದೆ. ಏನಾದರೂ ಬದಲಾವಣೆ ಕಂಡರೆ ಅರ್ಧಕ್ಕೇ ನಿಲ್ಲಿಸಬಹುದು. ಒಳಗೆ ಹೋದ ಔಷಧವನ್ನು ವಾಪಸ್ ತೆಗೆಯಲಾಗುವುದಿಲ್ಲ, ಅಲ್ವಾ?

ಈಗ ಅಡ್ರಿನಲಿನ್ ವಿಷಯ. ಲಿಗ್ನೊಕೇನ್ ಜೊತೆ ಅದನ್ನು ಯಾಕೆ ಸೇರಿಸುತ್ತಾರೆ ಎಂದು ಕೇಳಬಹುದು. ಅದು ಸುತ್ತಲಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಔಷಧ ಹರಿದುಹೋಗದೆ ಅಲ್ಲೇ ಉಳಿಯುತ್ತದೆ, ಜೋಮು ಹೆಚ್ಚು ಹೊತ್ತು ಇರುತ್ತದೆ, ರಕ್ತ ಕಡಿಮೆ ಸೋರುತ್ತದೆ. ನಮ್ಮಲ್ಲಿ ಹೆಚ್ಚಾಗಿ ಎರಡು ಬಗೆ ಸಿಗುತ್ತವೆ. ಸೀಸೆಯ ಮೇಲೆ 80,000ಕ್ಕೆ 1 ಎಂದೋ 2,00,000ಕ್ಕೆ 1 ಎಂದೋ ಬರೆದಿರುತ್ತದೆ. ಮೊದಲನೆಯದರಲ್ಲಿ ಮಿಲಿಗೆ 12.5 ಮೈಕ್ರೋಗ್ರಾಂ ಅಡ್ರಿನಲಿನ್, ಎರಡನೆಯದರಲ್ಲಿ 5. ಹೃದಯದ ತೊಂದರೆ ಇದ್ದವರಿಗೆ ಒಂದು ಸಲಕ್ಕೆ 40 ಮೈಕ್ರೋಗ್ರಾಂ ದಾಟಬಾರದು ಎಂಬ ಲೆಕ್ಕವಿದೆ. ಬಿಪಿ ಹತೋಟಿಯಲ್ಲಿ ಇಲ್ಲದವರಿಗೂ ನಾನು ಅದನ್ನೇ ಇಟ್ಟುಕೊಳ್ಳುತ್ತೇನೆ. ಅಂದರೆ ಮೊದಲನೆಯದು 3 ಮಿಲಿಗಿಂತ ಸ್ವಲ್ಪ ಜಾಸ್ತಿ, ಎರಡನೆಯದು 8 ಮಿಲಿ. ನಿಮ್ಮ ಅಪ್ಪನ ಒಂದು ಹಲ್ಲಿಗೆ ಬೇಕಾಗುವುದು ಎರಡೂವರೆ ಮಿಲಿ ಆಸುಪಾಸು. ನಾನಾಗಿದ್ದರೆ ಎರಡನೆಯ ಸೀಸೆಯನ್ನೇ ತೆಗೆದುಕೊಳ್ಳುತ್ತಿದ್ದೆ.

ಲಿಗ್ನೊಕೇನಿನ ಮಿತಿ ಬೇರೆ. ಅಡ್ರಿನಲಿನ್ ಸೇರಿದ್ದರೆ ದೊಡ್ಡವರಿಗೆ ತೂಕದ ಒಂದು ಕಿಲೋಗೆ 7 ಮಿಲಿಗ್ರಾಂ, ಒಟ್ಟು 500 ದಾಟಬಾರದು. 2 ಶೇಕಡಾ ಔಷಧದಲ್ಲಿ ಮಿಲಿಗೆ 20 ಮಿಲಿಗ್ರಾಂ ಇರುತ್ತದೆ. 60 ಕಿಲೋ ಮನುಷ್ಯನಿಗೆ 420 ಮಿಲಿಗ್ರಾಂ, ಅಂದರೆ 21 ಮಿಲಿ. ನಾವು ಅದರ ಹತ್ತಿರವೂ ಹೋಗುವುದಿಲ್ಲ. ಎದೆ ನಡುಗಬೇಕಾದ್ದು ಮಕ್ಕಳ ಲೆಕ್ಕಕ್ಕೆ. ಮಕ್ಕಳಿಗೆ ಕಿಲೋಗೆ 4.4 ಮಿಲಿಗ್ರಾಂ. 15 ಕಿಲೋ ಮಗುವಿಗೆ 66 ಮಿಲಿಗ್ರಾಂ, ಬರೀ 3.3 ಮಿಲಿ! ಎರಡು ಕಡೆಯ ಹಲ್ಲು ಒಟ್ಟಿಗೆ ತೆಗೆಯಲು ಹೋದರೆ ಕೈ ಮೀರಲು ಎಷ್ಟು ಹೊತ್ತು? ನಿಮ್ಮ ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ಹಲ್ಲಿನ ಡಾಕ್ಟರ್ ಮಗುವನ್ನು ತೂಕ ಮಾಡಿಸಿ ಸೂಜಿ ಮಾಡುತ್ತಾರಾ ನೋಡಿ. ಮಿತಿ ಮೀರಿದರೆ ಮೊದಲು ಬಾಯಿ ಸುತ್ತ ಜುಮುಗುಡುತ್ತದೆ, ಕಿವಿ ಗುಂಯ್ ಅನ್ನುತ್ತದೆ, ಮಾತು ತೊದಲುತ್ತದೆ. ಆಮೇಲೆ ಫಿಟ್ಸ್ ಬರಬಹುದು.

ಈಗ ಮನೆಯಿಂದ ಹೊರಡುವ ಮೊದಲಿನ ಮಾತು. ಅಪ್ಪ ತೆಗೆದುಕೊಳ್ಳುವ ಎಲ್ಲ ಗುಳಿಗೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯವರು ಗುಳಿಗೆಯ ಸ್ಟ್ರಿಪ್ಪನ್ನು ಕತ್ತರಿಸಿ ಕೊಟ್ಟಿರುತ್ತಾರೆ, ಹೆಸರಿನ ಭಾಗ ಹೋಗಿ ಬೆನ್ನ ಮೇಲೆ ಎರಡು ಅಕ್ಷರ ಮಾತ್ರ ಉಳಿದಿರುತ್ತದೆ. ನನ್ನ ಹತ್ತಿರ ಬರುವ ಹಿರಿಯರಲ್ಲಿ ಎಷ್ಟೋ ಜನ ಸೆರಗಿನ ತುದಿಯಿಂದಲೋ ಅಂಗಿಯ ಕಿಸೆಯಿಂದಲೋ ಅಂಥ ತುಂಡುಗಳನ್ನೇ ತೆಗೆದು ತೋರಿಸುತ್ತಾರೆ. 'ಬಿಳೀ ಗುಳಿಗಿ ರೀ, ಮುಂಜಾನಿ ಒಂದು' ಅಂತಾರೆ. ಅದರಿಂದ ನನಗೆ ಏನೂ ತಿಳಿಯುವುದಿಲ್ಲ. ಹಳೆಯ ಡಾಕ್ಟರ್ ಚೀಟಿ ಇದ್ದರೆ ಅದನ್ನೇ ತನ್ನಿ. ಪ್ರೊಪ್ರನೊಲಾಲ್ ಎಂಬ ಗುಳಿಗೆ ತೆಗೆದುಕೊಳ್ಳುವವರಿಗೆ ಅಡ್ರಿನಲಿನ್ ಹೋದರೆ ಬಿಪಿ ಒಮ್ಮೆಲೇ ಏರಬಹುದು. ಅದನ್ನು ಬಿಪಿಗಷ್ಟೇ ಅಲ್ಲ, ತಲೆನೋವಿಗೆ, ಕೈ ನಡುಕಕ್ಕೆ ಕೂಡ ಕೊಡುತ್ತಾರೆ. ರಕ್ತ ತೆಳು ಮಾಡುವ ಗುಳಿಗೆ ಇದ್ದರೆ ಮೊದಲೇ ಹೇಳಿ. ದವಡೆಯ ಒಳಗೆ ಆಳಕ್ಕೆ ಸೂಜಿ ಮಾಡಿದಾಗ ಅಂಥವರಿಗೆ ರಕ್ತ ಹೆಪ್ಪುಗಟ್ಟಿ ಊದಿಕೊಳ್ಳಬಹುದು. ಆದರೆ ಅದನ್ನು ನೀವಾಗಿ ನಿಲ್ಲಿಸಬೇಡಿ. ಹಲ್ಲಿಗಾಗಿ ಆಸ್ಪಿರಿನ್ ನಿಲ್ಲಿಸಿ ಹೃದಯಕ್ಕೆ ತೊಂದರೆ ತಂದುಕೊಳ್ಳುವುದು ಬೇಡ.

ಬೆಳಗಿನ ಹೊತ್ತಿಗೇ ಹೋಗಿ. ಒಂದು ರೊಟ್ಟಿ ಪಲ್ಯವಾದರೂ ತಿಂದು, ಬಿಪಿ ಶುಗರ್ ಗುಳಿಗೆ ಎಂದಿನಂತೆ ತೆಗೆದುಕೊಂಡು ಹೋಗಲಿ. ಅಲ್ಲಿ ಸೂಜಿಗೆ ಮೊದಲು ಬಿಪಿ ನೋಡಬೇಕು, ಬೆರಳು ಚುಚ್ಚಿ ಶುಗರ್ ನೋಡಬೇಕು. ಬಿಪಿ 180ಕ್ಕೆ 110 ದಾಟಿದ್ದರೆ ಅವತ್ತು ಹಲ್ಲು ತೆಗೆಯುವುದು ಬೇಡ. ಮೊದಲು ನಿಮ್ಮ ಬಿಪಿ ಡಾಕ್ಟರನ್ನು ನೋಡಿ ಬರಲಿ. ಇಷ್ಟು ದೂರ ಬಂದು ವಾಪಸ್ ಹೋಗುವುದೆಂದರೆ ಸಿಟ್ಟು ಬರುತ್ತದೆ, ಗೊತ್ತು. ಕೂಲಿ ಹೋಗಿರುತ್ತದೆ, ಬಸ್ಸಿನ ದುಡ್ಡು ಹೋಗಿರುತ್ತದೆ. ಆದರೂ ಹಾಗೆ ವಾಪಸ್ ಕಳಿಸುವ ಡಾಕ್ಟರ್ ನಿಮ್ಮ ಒಳ್ಳೆಯದಕ್ಕೇ ಕಳಿಸುತ್ತಿದ್ದಾರೆ.

ಹಲ್ಲಿನ ಬುಡದಲ್ಲಿ ಕೀವು ತುಂಬಿದ್ದರೆ 'ಸೂಜಿ ಹಿಡಿಯಲಿಲ್ಲ' ಅನ್ನುವ ದೂರು ಬರುತ್ತದೆ. ಅದು ನಿಜವೇ. ಕೀವಿನ ಜಾಗ ಹುಳಿಯಾಗಿರುತ್ತದೆ, ಆ ಹುಳಿಯಲ್ಲಿ ಲಿಗ್ನೊಕೇನ್ ನರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಆಗ ಮೇಲಿಂದ ಮೇಲೆ ಸೂಜಿ ಹಾಕುತ್ತ ಹೋದರೆ ಜೋಮು ಹಿಡಿಯುವುದಿಲ್ಲ, ಔಷಧದ ಲೆಕ್ಕ ಮಾತ್ರ ಏರುತ್ತದೆ. ಬಾವಿನ ಮೇಲೆ ಚುಚ್ಚದೆ ದೂರದಲ್ಲಿ ನರ ಹಿಡಿಯಬೇಕು, ಇಲ್ಲವೇ ಮೊದಲು ಕೀವು ತೆಗೆದು ನಾಲ್ಕು ದಿನ ಕಾಯಬೇಕು. ಈಗ ನೋವು ಮತ್ತೆ ಬಂದಿದೆ ಅಂದಿದ್ದೀರಿ. ಕೆನ್ನೆ ಊದಿದೆಯಾ, ಜ್ವರ ಇದೆಯಾ, ನುಂಗಲು ಕಷ್ಟವಾ ನೋಡಿ. ಇದ್ದರೆ ತಡ ಮಾಡದೆ ಅವತ್ತೇ ಹೋಗಿ. ಶುಗರ್ ಇದ್ದವರ ಬಾಯಿಯ ಕೀವು ಬೇಗ ಹರಡುತ್ತದೆ.

ಅಪ್ಪ ಗುಟ್ಕಾ, ಅಡಿಕೆ ಅಗಿಯುತ್ತಾರಾ? ನೀವು ಬರೆದಿಲ್ಲ, ಆದರೆ ನಮ್ಮ ಕಡೆ ಕೇಳಲೇಬೇಕಾದ ಪ್ರಶ್ನೆ. ವರ್ಷಗಟ್ಟಲೆ ಅಡಿಕೆ ಅಗಿದ ಕೆಲವರ ಕೆನ್ನೆ ಒಳಗೆ ಬಿಗಿದು ಬಾಯಿ ಎರಡು ಬೆರಳಷ್ಟೂ ತೆರೆಯುವುದಿಲ್ಲ. ಅಂಥವರಿಗೆ ಮಾಮೂಲಿ ದಾರಿಯಲ್ಲಿ ಸೂಜಿ ತಲುಪುವುದಿಲ್ಲ. ಬಾಯಿ ಮುಚ್ಚಿದಂತೆಯೇ ಕೆನ್ನೆಯ ಒಳಬದಿಯಿಂದ ಸೂಜಿ ಹಾಕುವ ವಿಧಾನ ಇದೆ. ನಮ್ಮ ದೇಶದವರೇ ಆದ ವಜಿರಾನಿ 1960ರಲ್ಲಿ, ನೈಜೀರಿಯಾದ ಅಕಿನೋಸಿ 1977ರಲ್ಲಿ ಅದನ್ನು ತಿಳಿಸಿದರು. ಅದನ್ನು ರೂಢಿ ಇರುವವರ ಕೈಯಲ್ಲೇ ಮಾಡಿಸಬೇಕು.

ಸಿರಿಂಜಿನ ಬಗ್ಗೆ ನಾನು ತುಂಬ ಹಟದ ಮನುಷ್ಯ. ಯಾಕೆಂದು ಹೇಳುತ್ತೇನೆ. ನಮ್ಮಲ್ಲಿ 30 ಮಿಲಿಯ ಒಂದೇ ಸೀಸೆಯಿಂದ ಹಲವರಿಗೆ ಔಷಧ ಎಳೆಯುವುದು ರೂಢಿ. ಬಾಯಿಗೆ ಹೋದ ಸಿರಿಂಜಾಗಲಿ ಸೂಜಿಯಾಗಲಿ ಮತ್ತೆ ಆ ಸೀಸೆಯೊಳಗೆ ಹೋಗಬಾರದು. ಅದೇ ರೋಗಿಗೆ ಇನ್ನೂ ಅರ್ಧ ಮಿಲಿ ಬೇಕಾದರೂ ಸರಿ, ಹೊಸ ಸಿರಿಂಜಿನ ಪ್ಯಾಕೆಟ್ಟನ್ನೇ ಒಡೆಯಬೇಕು. ಸೂಜಿ ಬದಲಿಸಿ ಸಿರಿಂಜ್ ಉಳಿಸಿದರೆ ಸಾಕು ಅನ್ನುವವರಿದ್ದಾರೆ, ಸಾಲದು. ಕಣ್ಣಿಗೆ ಕಾಣದಷ್ಟು ರಕ್ತ ಸಿರಿಂಜಿನಲ್ಲೂ ಇರುತ್ತದೆ, ಹೆಪಟೈಟಿಸ್ ಬಿ ಹರಡಲು ಅಷ್ಟು ಸಾಕು. ಸೀಸೆ ತೆರೆದ ದಿನವನ್ನು ಅದರ ಮೇಲೆ ಬರೆದು, 28 ದಿನ ದಾಟಿದರೆ ಚೆಲ್ಲಬೇಕು. ನೀವು ಕೇಳಬೇಕಾದ್ದು ಇಷ್ಟೇ: 'ಡಾಕ್ಟ್ರ, ಸಿರಿಂಜ್ ನಮ್ಮ ಮುಂದ ಒಡೀರಿ.' ಇದಕ್ಕೆ ಬೇಸರ ಮಾಡಿಕೊಳ್ಳುವವರ ಹತ್ತಿರ ಹೋಗುವುದು ಬೇಡ.

ಇನ್ನೊಂದು ಸಂಗತಿಯನ್ನು ಮನಸ್ಸು ಗಟ್ಟಿ ಮಾಡಿ ಬರೆಯುತ್ತಿದ್ದೇನೆ. ಬಹಳ ವರ್ಷಗಳ ಹಿಂದೆ ನನ್ನ ಟ್ರೇಯಲ್ಲಿ ಎರಡು ಸಿರಿಂಜ್ ಇದ್ದವು. ಎರಡೂ 2 ಮಿಲಿ, ಎರಡರಲ್ಲೂ ತಿಳಿನೀರಿನಂಥ ದ್ರವ. ಒಂದರಲ್ಲಿ ಲಿಗ್ನೊಕೇನ್. ಇನ್ನೊಂದರಲ್ಲಿ ರೂಟ್ ಕೆನಾಲ್ ತೊಳೆಯುವ ಹೈಪೋಕ್ಲೋರೈಟ್, ಬಟ್ಟೆಯ ಕಲೆ ತೆಗೆಯುವ ಬ್ಲೀಚ್‌ನ ಜಾತಿಯದು. ಅದು ಮಾಂಸದೊಳಗೆ ಹೋದರೆ ಸುಡುತ್ತದೆ. ಕೈಗೆತ್ತಿಕೊಂಡ ಸಿರಿಂಜ್ ರೋಗಿಯ ತುಟಿಯ ಹತ್ತಿರ ಹೋದಾಗ ಈಜುಕೊಳದಂಥ ವಾಸನೆ ಮೂಗಿಗೆ ಬಡಿಯಿತು. ಕೈ ಅಲ್ಲೇ ನಿಂತಿತು. ಎರಡನ್ನೂ ಎಸೆದು ಹೊಸದಾಗಿ ತುಂಬಿಕೊಂಡೆ. ಅಂದಿನಿಂದ ನಮ್ಮಲ್ಲಿ ತೊಳೆಯುವ ಸಿರಿಂಜಿಗೆ ಕೆಂಪು ಪಟ್ಟಿ, ಅದೂ ದೊಡ್ಡ 5 ಮಿಲಿಯದು. ಸೂಜಿಯ ಔಷಧವನ್ನು ರೋಗಿಯ ಎದುರಲ್ಲಿ, ಸೀಸೆಯ ಚೀಟಿ ಓದಿ, ನಾನೇ ಎಳೆಯುತ್ತೇನೆ. ಈ ಬರಹವನ್ನು ಯಾರಾದರೂ ಎಳೆಯ ದಂತವೈದ್ಯರು ಓದುತ್ತಿದ್ದರೆ ದಯವಿಟ್ಟು ಇದೊಂದನ್ನು ನಾಳೆಯಿಂದಲೇ ಮಾಡಿ. ಬಳಸಿದ ಸೂಜಿಗೆ ಎರಡು ಕೈಯಿಂದ ಮುಚ್ಚಳ ಹಾಕಬೇಡಿ, ಮುಚ್ಚಳವನ್ನು ಟ್ರೇ ಮೇಲಿಟ್ಟು ಒಂದೇ ಕೈಯಿಂದ ಸೂಜಿಯ ತುದಿಯಲ್ಲೇ ಅದನ್ನು ತೋಡಿಕೊಳ್ಳಿ. ನಿಮ್ಮ ಸಹಾಯಕಿಗೂ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಹಾಕಿಸಿ.

ಹಲ್ಲುನೋವಿಗೆ ಸೊಂಟಕ್ಕೆ ಸೂಜಿ ಮಾಡಿಸಿಕೊಂಡು ದಿನ ತಳ್ಳುವ ರೂಢಿಯೂ ನಮ್ಮಲ್ಲಿ ಇದೆ. ನಿಮ್ಮ ಅಪ್ಪನಿಗೆ ಅದು ಬೇಡವೇ ಬೇಡ. ನೋವಿನ ಸೂಜಿ ಬಿಪಿ ಏರಿಸಬಹುದು, ಮೂತ್ರಪಿಂಡಕ್ಕೆ ಹೊರೆ. ಅದರ ಜೊತೆ ಸ್ಟಿರಾಯ್ಡ್ ಸೇರಿಸಿ ಕೊಟ್ಟರೆ ಶುಗರ್ ಮೇಲಕ್ಕೆ ಹಾರುತ್ತದೆ. ನೋವು ಕಡಿಮೆಯಾದರೂ ಕೀವು ಅಲ್ಲೇ ಇರುತ್ತದೆ.

ಎಲ್ಲಿಗೆ ಹೋಗಬೇಕು? ಚೀಟಿಯಲ್ಲಿ 'ಅಲರ್ಜಿ' ಎಂದು ಬರೆದಿರುವುದರಿಂದ ಈ ಸಲ ದೊಡ್ಡ ಜಾಗವೇ ಒಳ್ಳೆಯದು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಡೆಂಟಲ್ ಕಾಲೇಜುಗಳಿವೆ. ಬಾಯಿ ಶಸ್ತ್ರಚಿಕಿತ್ಸೆಯ ವಿಭಾಗ ಇರುತ್ತದೆ, ಬೇಕಾದರೆ ಫಿಜಿಶಿಯನ್ ಹತ್ತಿರ ತೋರಿಸಿಕೊಂಡು ಬರಲು ಬರೆದು ಕೊಡುತ್ತಾರೆ. ಅನುಮಾನ ಉಳಿದರೆ ಅಲರ್ಜಿ ಪರೀಕ್ಷೆಯನ್ನು ಸರಿಯಾದ ಆಸ್ಪತ್ರೆಯಲ್ಲಿ, ಹಂತ ಹಂತವಾಗಿ ಮಾಡಬೇಕು. ಸುಮ್ನೆ ಕೈಗೆ ಒಂದು ಹನಿ ಚುಚ್ಚಿ 'ಏನೂ ಆಗಲಿಲ್ಲ' ಅನ್ನುವುದನ್ನು ನಾನು ನಂಬುವುದಿಲ್ಲ. ಎಲ್ಲೇ ಹೋದರೂ ಆಕ್ಸಿಜನ್, ಅಡ್ರಿನಲಿನ್ ಆಂಪೂಲ್, ಗ್ಲೂಕೋಸ್ ಇವೆಯಾ ಎಂದು ಕೇಳಿ. ನಿಜವಾದ ಅಲರ್ಜಿ ಬಂದರೆ ದೊಡ್ಡವರ ತೊಡೆಯ ಹೊರಮಗ್ಗುಲಿಗೆ 1,000ಕ್ಕೆ 1ರ ಅಡ್ರಿನಲಿನ್ ಅರ್ಧ ಮಿಲಿ ಕೂಡಲೇ ಕೊಡಬೇಕು. ಆಗ ಅಂಗಡಿಗೆ ಓಡಲು ಸಮಯ ಇರುವುದಿಲ್ಲ.

ಹಲ್ಲು ತೆಗೆದ ಮೇಲೆ ತುಟಿ, ನಾಲಗೆ ಮೂರರಿಂದ ಐದು ತಾಸು ಜೋಮಾಗಿರುತ್ತದೆ. ಅಷ್ಟು ಹೊತ್ತು ಬಿಸಿ ಚಹಾ ಬೇಡ, ಅಗಿಯುವುದು ಬೇಡ. ಶುಗರ್ ಗುಳಿಗೆ ತೆಗೆದುಕೊಂಡಿರುವುದರಿಂದ ಹೊಟ್ಟೆ ಖಾಲಿಯೂ ಬಿಡಬೇಡಿ. ಹಲ್ಲಿನ ಜಾಗದ ಹತ್ತಿ ತೆಗೆದ ಮೇಲೆ ತಣ್ಣಗಿನ ಅಂಬಲಿಯೋ ಮಜ್ಜಿಗೆ ಅನ್ನವೋ ಇನ್ನೊಂದು ಬದಿಯಿಂದ ಉಣ್ಣಲಿ.

ಹೋಗುವಾಗ ಕೆಳಗಿನದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಮಾತಾಡುವ ಮೊದಲೇ ಡಾಕ್ಟರ ಕೈಗೆ ಕೊಡಿ:

'ವಯಸ್ಸು 58. ಬಿಪಿ, ಶುಗರ್ ಇದೆ. ಗುಳಿಗೆಗಳು ಈ ಚೀಲದಲ್ಲಿವೆ. ಹೋದ ವರ್ಷ ಕೆಳದವಡೆಗೆ ಸೂಜಿ ಮಾಡಿದ ಒಂದು ನಿಮಿಷದೊಳಗೆ ಎದೆಬಡಿತ, ನಡುಕ, ಬೆವರು ಬಂತು. ಗಂದೆ, ತುರಿಕೆ, ಬಾವು, ಉಸಿರಾಟದ ತೊಂದರೆ ಇರಲಿಲ್ಲ. ಹತ್ತು ನಿಮಿಷಕ್ಕೆ ಸರಿಹೋಯಿತು. ಅವತ್ತು ಹೊಟ್ಟೆ ಖಾಲಿ ಇತ್ತು. ಇವತ್ತು ತಿಂದು ಬಂದಿದ್ದಾರೆ. ದಯವಿಟ್ಟು ಮಲಗಿಸಿ, ಎಳೆದು ನೋಡಿ, ನಿಧಾನವಾಗಿ ಸೂಜಿ ಮಾಡಿ.'